ಯಾವಾಗಲೂ ಇಪ್ಪತ್ತೈದು

ಅಜ್ಜಿಯ ಕೋಣೆಯಲ್ಲಿ ಎರಡು ಥರ್ಮಾಮೀಟರುಗಳಿದ್ದವು. ಒಂದು, ಮಂಚದ ತಲೆಗಡೆ ಕಪಾಟಿನ ಮೇಲೆ ನಿಂತಿದ್ದ ಅಂಗೈಯಗಲದ್ದು. ಇನ್ನೊಂದು ನಾನು.

ಚಳಿಗಾಲ ಮುಗಿಯುವ ಹೊತ್ತಿಗೆ ಅಜ್ಜಿಗೆ ಪಾರ್ಶ್ವವಾಯು ಬಡಿದು ಎಡಮೈ ಬಿದ್ದುಹೋಯಿತು. ಮಾತು ಹೋಗಲಿಲ್ಲ. "ಹೋಗಬೇಕಾದ್ದೇ ಉಳೀತು" ಎಂದು ಅಮ್ಮ ಅಡುಗೆಮನೆಯಲ್ಲಿ ಮೆಲ್ಲಗೆ ಅಂದದ್ದು ಅಜ್ಜಿಗೆ ಕೇಳಿಸಿತು, ಏಕೆಂದರೆ ಕಿವಿಯೂ ಹೋಗಿರಲಿಲ್ಲ. ಹೋದದ್ದು ಸೆಕೆ ಚಳಿಯ ಅಂದಾಜು. ಅವಳ ಮೈ ಬೆವರುವುದನ್ನೇ ಮರೆತುಬಿಟ್ಟಿತ್ತು. "ಅರ್ಧ ಮೈಗೆ ಬೇಸಿಗೆ, ಅರ್ಧ ಮೈಗೆ ಏನೂ ಇಲ್ಲ. ಹೊದಿಕೇನ ಯಾವ ಕಡೆಗೆ ಎಳೀಲಿ ನೀನೇ ಹೇಳು" ಎಂದು ನನ್ನನ್ನು ಕೇಳುತ್ತಿದ್ದಳು. ಕೋಣೆ ಇಪ್ಪತ್ತೈದರಿಂದ ಇಪ್ಪತ್ತೇಳು ಡಿಗ್ರಿಯ ಒಳಗೇ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಮೇಲೆ ಹೋದರೆ ಮೈ ಕಾದು ಎಚ್ಚರ ತಪ್ಪಬಹುದು. ಕೆಳಗೆ ಹೋದರೆ ಎದೆಯಲ್ಲಿ ಕಫ ಕಟ್ಟುತ್ತದೆ.

ಕೋಣೆಯಲ್ಲಿ ಎಸಿ ಇತ್ತು. ಆದರೆ ಅದಕ್ಕೆ ತಲೆ ಇರಲಿಲ್ಲ. ಇಪ್ಪತ್ತಾರಕ್ಕೆ ಇಟ್ಟರೆ ಬರೀ ಗಾಳಿ ಊದುತ್ತ ಕೂರುತ್ತಿತ್ತು, ತಂಪು ಮಾಡುತ್ತಿರಲಿಲ್ಲ. ಇಪ್ಪತ್ನಾಲ್ಕಕ್ಕೆ ಇಟ್ಟರೆ ನಿಲ್ಲುತ್ತಲೇ ಇರಲಿಲ್ಲ, ಬಿಟ್ಟರೆ ಹತ್ತೊಂಬತ್ತಕ್ಕೂ ಇಳಿಸುತ್ತಿತ್ತು. ಹಾಗಾಗಿ ಯಾರಾದರೂ ಕೂತು ಹಾಕಿ, ಆರಿಸಿ, ಮತ್ತೆ ಹಾಕಬೇಕಿತ್ತು. ಸಂಜೆ ಏಳರ ಮೇಲೆ ಕಿಟಕಿ ತೆರೆದರೆ ಸಾಕು, ಹೊರಗಿನ ಗಾಳಿಯೇ ನೋಡಿಕೊಳ್ಳುತ್ತಿತ್ತು. ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ, ಗೋಡೆ ಕಾಯುವ ಹೊತ್ತಿನಲ್ಲಿ, ಒಬ್ಬರು ಬೇಕು. ಅಮ್ಮ ಮಧ್ಯಾಹ್ನದವರೆಗೆ ಹೊಲಿಗೆ ಅಂಗಡಿಗೆ ಹೋಗುತ್ತಾಳೆ, ಬಂದ ಮೇಲೆ ಅಡುಗೆ, ಅಜ್ಜಿಯ ಬಟ್ಟೆ. ಅಪ್ಪ ಔಷಧಿ, ತರಕಾರಿ, ಆಸ್ಪತ್ರೆಯ ಸಾಲು ಎಂದು ಹೊರಗೇ ಓಡಾಡುತ್ತಾರೆ. ನಾನು ಪದವಿ ಮುಗಿಸಿ ಮನೆಯಲ್ಲಿದ್ದೆ. "ಹೇಗೂ ಮನೇಲೇ ಇದ್ದಾಳಲ್ಲ" ಎಂಬ ಒಂದು ಮಾತಿನಲ್ಲಿ ಎಲ್ಲ ತೀರ್ಮಾನವಾಯಿತು. ನನ್ನನ್ನೂ ಕೇಳಿದರು. ನಾನು "ಹೂಂ" ಅಂದೆ.

ಆ ಮಾತಿನಿಂದಲೇ ಅಜ್ಜಿ ನನಗೆ ಹೆಸರಿಟ್ಟಿದ್ದು. "ಏ ಹೂಂ, ನೀರು ಕೊಡು." "ಏ ಹೂಂ, ಆ ಪರದೆ ಸರಿಸು, ಸತ್ತವರ ಮನೆ ಥರ ಇದೆ." ಪರದೆ ಸರಿಸಿದರೆ ಬಿಸಿಲು ಬರುತ್ತದೆ, ಎರಡು ಡಿಗ್ರಿ ಏರುತ್ತದೆ. ಸರಿಸುತ್ತಿರಲಿಲ್ಲ. ಅವಳೂ ಮತ್ತೆ ಕೇಳುತ್ತಿರಲಿಲ್ಲ.

ಇಪ್ಪತ್ತು ನಿಮಿಷಕ್ಕೊಮ್ಮೆ ನೋಡಿ ಬರೆಯಲು ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೆ. ಮೊದಲ ಕಾಲಂ ಗಂಟೆ. ಎರಡನೆಯದು ಕಪಾಟಿನ ಥರ್ಮಾಮೀಟರ್ ಹೇಳಿದ್ದು. ಮೂರನೆಯದು ಎಸಿ ಹೇಳಿದ್ದು. ರಿಮೋಟಿನ ಒಂದು ಗುಂಡಿ ಒತ್ತಿದರೆ ಕೋಣೆ ಎಷ್ಟು ಬಿಸಿಯಿದೆಯೆಂದು ತನಗೆ ಅನ್ನಿಸುತ್ತದೋ ಅದನ್ನು ಎಸಿ ಮುಖದ ಮೇಲೆ ತೋರಿಸುತ್ತಿತ್ತು. ಆ ಕಾಲಂ ಬೇಕೆಂದು ಯಾರೂ ಹೇಳಿರಲಿಲ್ಲ. ಮೂರು ಗೆರೆ ಎಳೆದಿದ್ದೆ, ಒಂದು ಖಾಲಿ ಉಳಿಯುತ್ತಿತ್ತು, ತುಂಬಿದೆ.

ಇನ್ನೊಂದು ಪುಸ್ತಕ ನನ್ನ ಡೈರಿ. ಅದರ ನಡುವೆ ಒಂದು ಕಾಗದವಿತ್ತು. ಬಸ್ಸಿನಲ್ಲಿ ಆರು ಗಂಟೆ ದೂರದ ಊರಿನ ಗ್ರಂಥಾಲಯವೊಂದರಲ್ಲಿ ಹಳೆಯ ಪುಸ್ತಕಗಳ ಪಟ್ಟಿ ಮಾಡುವ ಕೆಲಸಕ್ಕೆ ನನ್ನನ್ನು ತೆಗೆದುಕೊಂಡಿದ್ದರು. ಶುಕ್ರವಾರ ಬೆಳಿಗ್ಗೆ ಹತ್ತರೊಳಗೆ ಖುದ್ದಾಗಿ ಹಾಜರಾಗದಿದ್ದರೆ ನೇಮಕ ತಾನಾಗಿ ರದ್ದಾಗುತ್ತದೆ ಎಂದು ಕೊನೆಯ ಸಾಲಿನಲ್ಲಿತ್ತು. ಕಾಗದ ಬಂದು ಒಂದು ತಿಂಗಳಾಗಿತ್ತು. ಒಪ್ಪಿಗೆಯನ್ನೂ ಬರೆದು ಹಾಕಿದ್ದೆ. ಮನೆಯಲ್ಲಿ ಹೇಳಿರಲಿಲ್ಲ.

ಹೇಳಲು ಹೊರಟಿದ್ದೆ. ಅರ್ಜಿ ಹಾಕಿದಾಗ ಅಮ್ಮನ ಹತ್ತಿರ ಒಂದು ಮಾತು ಎತ್ತಿದ್ದೆ. ಅವಳು ಬಟ್ಟೆ ಹಿಂಡುತ್ತಿದ್ದಳು. "ಮೊದಲು ಆ ಎಸಿ ಸರಿಯಾಗ್ಲಿ ಮಾರಾಯ್ತಿ. ಆಮೇಲೆ ನೀನು ಚಂದ್ರಲೋಕಕ್ಕೆ ಬೇಕಾದ್ರೂ ಹೋಗು" ಎಂದಳು. ಅದು ಬೇಡ ಎನ್ನುವ ಮಾತಲ್ಲ. ಸರಿ ಎನ್ನುವ ಮಾತೂ ಅಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ದೀಪವನ್ನೇ ನೋಡುತ್ತ, ಕಾಗದ ಬಂದ ಮೇಲೂ ನಾನು ಒಂದು ತಿಂಗಳು ಕಳೆದೆ.

ಸೋಮವಾರ ಟೆಸ್ಟರ್ ಬಂದ. ಅವನು ಎಸಿ ಮೆಕ್ಯಾನಿಕ್. ಜೇಬಿನಲ್ಲಿ ಸದಾ ಕರೆಂಟ್ ನೋಡುವ ಟೆಸ್ಟರ್ ಸಿಕ್ಕಿಸಿಕೊಂಡಿರುವುದರಿಂದ ಬೀದಿಗೆಲ್ಲ ಅವನು ಟೆಸ್ಟರ್. ಕೂದಲು ಹಣ್ಣಾಗಿದ್ದರೂ ಅಪ್ಪನ ಎದುರು ಈಗಲೂ ಸ್ಟೂಲಿನ ಮೇಲೆ ಕೂರುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲೇ ಅವನು ಬೆಸುಗೆ ಹಾಕುವುದನ್ನು ಕಲಿತದ್ದು. "ಮೇಷ್ಟ್ರೇ" ಅನ್ನುತ್ತಾನೆ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಆದರೂ, ತಮ್ಮ ಕೈಯಿಂದ ಹೋದ ಒಂದು ಸೆಟ್ಟೂ ತಿರುಗಿ ಬರಲಿಲ್ಲ ಎಂದು ಅಪ್ಪ ಹೇಳಿದಾಗ ನಡುವೆ ಬಾಯಿ ಹಾಕುವವಳು ಅಜ್ಜಿ ಒಬ್ಬಳೇ. "ಸೆಟ್ಟು ಬರ್ಲಿಲ್ಲ, ಗಿರಾಕೀನೂ ಬರ್ಲಿಲ್ಲ."

ಹಿಂದಿನ ಸಲ ಟೆಸ್ಟರ್ ಗ್ಯಾಸ್ ತುಂಬಿ, ಜಾಲರಿ ತೊಳೆದು ಹೋಗಿದ್ದ. ಏನೂ ಬದಲಾಗಿರಲಿಲ್ಲ. ಈ ಸಲ ಏಣಿ ಹತ್ತಿ ಮುಂದಿನ ಮುಚ್ಚಳ ಬಿಚ್ಚಿ, "ಸೆನ್ಸರ್ ನೋಡೇ ಬಿಡೋಣ" ಎಂದ.

ಅಪ್ಪ ಸ್ಟೂಲಿನ ಮೇಲೆ ಕೂತಿದ್ದರು. "ಸೆನ್ಸರ್ ಏನಾಗಿರುತ್ತೆ. ಕಂಪ್ರೆಸರ್ ನೋಡು ಮೊದಲು" ಎಂದರು.

"ನೋಡೋಣ ಮೇಷ್ಟ್ರೇ, ಒಂದು ನಿಮಿಷದ ಕೆಲಸ." ಟೆಸ್ಟರ್ ಒಳಗಿನ ಬೋರ್ಡಿನಿಂದ ಎರಡು ತಂತಿಯ ಒಂದು ಪ್ಲಗ್ಗನ್ನು ಕಿತ್ತು, ಮೀಟರಿನ ಸೂಜಿಗಳನ್ನು ಅದಕ್ಕೆ ಒತ್ತಿಹಿಡಿದ. ನಾನು ಏಣಿಯನ್ನು ಹಿಡಿದುಕೊಂಡು ನಿಂತಿದ್ದೆ. ಅವನಿಗೆ ಯಾರಿಗಾದರೂ ವಿವರಿಸುತ್ತ ಕೆಲಸ ಮಾಡಿ ಅಭ್ಯಾಸ. "ನೋಡು ತಂಗಿ, ಈ ತಂತಿ ಹಿಂದುಗಡೆ ಹೋಗುತ್ತಲ್ಲ, ಅದರ ತುದೀಲಿ ಮೆಣಸಿನಕಾಳಿನಷ್ಟು ಒಂದು ಕಾಳು ಇರುತ್ತೆ. ಅದೇ ಸೆನ್ಸರ್. ಬಿಸಿಯಾದ್ರೆ ಅದರ ತಡೆ ಇಳಿಯುತ್ತೆ, ತಣ್ಣಗಾದ್ರೆ ಏರುತ್ತೆ. ಇಪ್ಪತ್ತೈದು ಡಿಗ್ರೀಲಿ ತಡೆ ಸರಿಯಾಗಿ ಹತ್ತು ಕಿಲೋ ಓಮ್ ತೋರಿಸ್ಬೇಕು. ಕೋಣೆ ಈಗ ಎಷ್ಟಿದೆ?"

"ಇಪ್ಪತ್ತೈದು."

"ಮೀಟರ್ ಎಷ್ಟಿದೆ?"

ಕತ್ತೆತ್ತಿ ಓದಿದೆ. "ಹತ್ತು."

"ಪಕ್ಕಾ. ಸೆನ್ಸರ್ ಚಿನ್ನದಂಗಿದೆ." ಪ್ಲಗ್ ಮರಳಿ ಸಿಕ್ಕಿಸಿದ. "ಹಂಗಾದ್ರೆ ಬೋರ್ಡೇ ಹೋಗಿದೆ. ಈ ಮಾಡೆಲ್ಲಿಗೆ ಹೊಸ ಬೋರ್ಡ್ ಬರೋಕೆ ಎರಡು ವಾರ ಬೇಕು."

"ಬರ್ಲಿ, ಅವಸರ ಏನಿದೆ" ಎಂದರು ಅಪ್ಪ. ಅವರ ದನಿಯಲ್ಲಿ ಏನೋ ಹಗುರಾದಂತೆ ಇತ್ತು.

ಎರಡು ವಾರ. ನಾನು ಏಣಿಯನ್ನು ಬಿಟ್ಟು ಕುರ್ಚಿಗೆ ಬಂದು ಕೂತೆ. ಆ ಕುರ್ಚಿಯ ಸೀಟಿನಲ್ಲಿ ನನ್ನ ಆಕಾರಕ್ಕೆ ಒಂದು ಗುಳಿ ಬಿದ್ದಿತ್ತು. ಎದುರಿಗೆ ಕಪಾಟು, ಪಕ್ಕಕ್ಕೆ ಮಂಚ, ಹಿಂದೆ ಮುಚ್ಚಿದ ಪರದೆ. ಪರದೆಯಾಚೆ ಮೂರು ಮಹಡಿ ಕೆಳಗೆ ಬಸ್ಸುಗಳು ಬ್ರೇಕ್ ಹಾಕುವ ಸದ್ದು. ಹನ್ನೊಂದು ನಲವತ್ತು ಎಂದು ಬರೆದೆ. ಇಪ್ಪತ್ತೈದು ಎಂದು ಬರೆದೆ. ಗುಂಡಿ ಒತ್ತಿ ಮತ್ತೆ ಇಪ್ಪತ್ತೈದು ಎಂದು ಬರೆದೆ.

"ಏ ಹೂಂ" ಎಂದಳು ಅಜ್ಜಿ. "ಮುಖ ಯಾಕೆ ಹಂಗಿದೆ?"

"ಏನಿಲ್ಲ ಅಜ್ಜಿ."

"ಏನಿಲ್ಲ ಅನ್ನೋ ಮುಖ ಅಲ್ಲ ಅದು. ನನ್ನ ಮೈ ಸತ್ತಿದೆ, ಕಣ್ಣು ಸತ್ತಿಲ್ಲ."

ಮಂಗಳವಾರ ಮಧ್ಯಾಹ್ನ ಅಜ್ಜಿ ನಿದ್ದೆ ಹೋದಾಗ, ಡೈರಿಯಲ್ಲಿ ಬರೆಯಲು ಏನೂ ತೋಚದೆ, ನೋಟ್‌ಬುಕ್ಕನ್ನೇ ಹಿಂದಿನಿಂದ ಓದತೊಡಗಿದೆ. ನಾನು ಇಲ್ಲಿ ಕಳೆದ ಮೂರು ತಿಂಗಳಿಗೆ ಅದೇ ಸಾಕ್ಷಿ. ಏಪ್ರಿಲ್ ತಿಂಗಳಲ್ಲಿ ಒಂದು ದಿನ ಎರಡು ಗಂಟೆ ಕರೆಂಟ್ ಹೋಗಿತ್ತು. ಬಂದ ಕೂಡಲೇ ನೋಡಿದಾಗ ಎರಡನೆಯ ಕಾಲಂ ಇಪ್ಪತ್ತೊಂಬತ್ತು. ಅದರ ಪಕ್ಕದಲ್ಲಿ ಮೂರನೆಯ ಕಾಲಂ: ಇಪ್ಪತ್ತೈದು. ಇನ್ನೊಂದು ದಿನ ನಾನು ಕುರ್ಚಿಯಲ್ಲೇ ತೂಕಡಿಸಿಬಿಟ್ಟಿದ್ದೆ. ಎದ್ದಾಗ ಕೋಣೆ ಹತ್ತೊಂಬತ್ತಕ್ಕೆ ಇಳಿದಿತ್ತು, ಅಜ್ಜಿ ಆಮೇಲೆ ಒಂದು ವಾರ ಕೆಮ್ಮಿದಳು. ಮೂರನೆಯ ಕಾಲಂ: ಇಪ್ಪತ್ತೈದು.

ಹಾಳೆ ತಿರುವಿದೆ. ಇಪ್ಪತ್ತೈದು, ಇಪ್ಪತ್ತೈದು, ಇಪ್ಪತ್ತೈದು. ದಿನಕ್ಕೆ ಇಪ್ಪತ್ತೇಳು ಸಲದಂತೆ ಎರಡು ಸಾವಿರ ಚಿಲ್ಲರೆ ಸಲ ನನ್ನದೇ ದುಂಡು ಅಕ್ಷರದಲ್ಲಿ ಬರೆದಿದ್ದೆ. ಒಮ್ಮೆಯೂ ಇಪ್ಪತ್ನಾಲ್ಕಿಲ್ಲ, ಇಪ್ಪತ್ತಾರಿಲ್ಲ. ಇಷ್ಟು ದಿನ ಕಣ್ಣಿಗೆ ಬೀಳದೇ ಇದ್ದುದೇಕೆ ಎಂದರೆ, ಅದು ಸರಿಯಾದ ಉತ್ತರವಾಗಿತ್ತು. ಎಲ್ಲರಿಗೂ ಬೇಕಾಗಿದ್ದ ಅಂಕಿಯನ್ನೇ ಅದು ಹೇಳುತ್ತಿತ್ತು. ಅಂಥವರನ್ನು ಯಾರು ಅನುಮಾನಿಸುತ್ತಾರೆ.

ಕೆಟ್ಟ ಸೆನ್ಸರ್ ತಪ್ಪು ಹೇಳಬೇಕು. ಇದು ತಪ್ಪು ಹೇಳುತ್ತಿರಲಿಲ್ಲ, ಒಂದೇ ಮಾತು ಹೇಳುತ್ತಿತ್ತು. ಸೋಮವಾರ ಟೆಸ್ಟರ್ ಅಳೆದಾಗ ಕೋಣೆ ನಿಜವಾಗಿಯೂ ಇಪ್ಪತ್ತೈದರಲ್ಲಿತ್ತು. ಇರಿಸಿದ್ದು ನಾನು.

ಫೋನ್ ಮಾಡುವುದೆಂದರೆ ನನಗೆ ಆಗಿಬರುವುದಿಲ್ಲ. ಏನು ಹೇಳಬೇಕೆಂದು ಡೈರಿಯಲ್ಲಿ ನಾಲ್ಕು ಸಾಲು ಬರೆದುಕೊಂಡು, ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಟೆಸ್ಟರ್‌ಗೆ ಫೋನ್ ಮಾಡಿ ಆ ನಾಲ್ಕು ಸಾಲನ್ನು ಓದಿದೆ. 

"ತಂಗಿ, ಇದನ್ನ ನಿನ್ನೇನೇ ಹೇಳ್ಬಾರ್ದಾಗಿತ್ತಾ?"

"ನಿನ್ನೆ ಗೊತ್ತಿರ್ಲಿಲ್ಲ ಅಣ್ಣ."

"ನೀನು ಕೋಣೇನ ಅಷ್ಟು ಚೆನ್ನಾಗಿ ನೋಡ್ಕೊಂಡಿದ್ದಕ್ಕೇ ನಾನು ಮೋಸ ಹೋದೆ ನೋಡು. ಸ್ವಲ್ಪ ಸೋಮಾರಿ ಆಗಿದ್ರೆ ನಿನ್ನೇನೇ ಸಿಕ್ತಿತ್ತು." ನಕ್ಕ. "ನಾಳೆ ಬರ್ತೀನಿ. ಒಂದು ಲೋಟ ಐಸ್ ಮಾಡಿಡು. ಆ ಕಾಳನ್ನ ಐಸಿಗೆ ಅದ್ದಿದ್ರೆ ಬಣ್ಣ ಬಯಲಾಗುತ್ತೆ."

ಸಂಜೆ ಅಪ್ಪ ಎಂದಿನಂತೆ ನೋಟ್‌ಬುಕ್ ಓದಲು ಬಂದರು. ಅವರು ಅದನ್ನು ದಿನಪತ್ರಿಕೆಯ ಹಾಗೆ ಬೆರಳು ಒದ್ದೆ ಮಾಡಿಕೊಂಡು ತಿರುವುತ್ತಿದ್ದರು. "ಅಪ್ಪ, ಮೂರನೇ ಕಾಲಂ ನೋಡಿದ್ರಾ?" ಎಂದು ಕೇಳಿದೆ.

"ನೋಡ್ದೆ. ಅಕ್ಷರ ಚೆನ್ನಾಗಿದೆ." ಪುಸ್ತಕ ಮುಚ್ಚಿದರು.  

"ನಾಳೆ ಟೆಸ್ಟರಣ್ಣ ಬರ್ತಾರಂತೆ. ಸೆನ್ಸರನ್ನ ಐಸಲ್ಲಿ ಇಟ್ಟು ನೋಡ್ತಾರಂತೆ."

"ಯಾರು ಕರೆದಿದ್ದು?"

"ನಾನು."

ಅವರು ನನ್ನನ್ನು ನೋಡಿದರು. ನಾನು ಯಾರನ್ನಾದರೂ ಕರೆಯುತ್ತೇನೆ ಎಂಬುದೇ ಅವರಿಗೆ ಹೊಸದು. ಎದ್ದುಹೋದರು.

ಬುಧವಾರ ಹನ್ನೊಂದಕ್ಕೆ ಟೆಸ್ಟರ್ ಬಂದಾಗ ಅಮ್ಮನೂ ಮನೆಯಲ್ಲಿದ್ದಳು. ಅಂಗಡಿಗೆ ಅಂದು ರಜೆ. ಅಪ್ಪ ಸ್ಟೂಲನ್ನು ಏಣಿಗೆ ಅಡ್ಡವಾಗಿ ಹಾಕಿಕೊಂಡು ಕೂತಿದ್ದರು.

"ಐಸು ಗೀಸು ಏನೂ ಬೇಡ ಕಣೋ. ಅಳತೆ ಸರಿ ಇದೆ ಅಂತ ನೀನೇ ಹೇಳಿದೀಯ. ಬೋರ್ಡ್ ತರಿಸು, ಮುಗೀತು."

"ಬೋರ್ಡ್ ತರಿಸಿ, ಅದೂ ಅಲ್ಲ ಅಂತ ಆದ್ರೆ ನಾಳೆ ಬೈಯೋರು ನೀವೇ ಮೇಷ್ಟ್ರೇ. ಸ್ವಲ್ಪ ಸರ್ಕೊಳಿ."

ಅಪ್ಪ ಸರಿಯಲಿಲ್ಲ. ಮಂಚದಿಂದ ಅಜ್ಜಿ, "ಸರಿಯೋ. ಅಂಗಡಿ ಮುಚ್ಚಿದ್ರೂ ಬಾಗಿಲಲ್ಲಿ ಕೂರೋದು ಬಿಡ್ಲಿಲ್ಲ ಇವನು" ಎಂದಳು. ಆಗ ಸರಿದರು.

ನಾನು ಐಸಿನ ಲೋಟ ಹಿಡಿದು ಏಣಿಯ ಬುಡದಲ್ಲಿ ನಿಂತೆ. ಟೆಸ್ಟರ್ ಮುಚ್ಚಳ ಬಿಚ್ಚಿ, ತಂತಿಯ ಜಾಡು ಹಿಡಿದು, ತಂಪಾಗುವ ತಗಡುಗಳ ಹಿಂದಕ್ಕೆ ಬೆರಳು ತೂರಿಸಿದ. ಮೊನ್ನೆ ಅವನು ಅಲ್ಲಿಯವರೆಗೆ ಹೋಗಿರಲಿಲ್ಲ. ಬೆರಳು ಅಲ್ಲೇ ನಿಂತಿತು. ಮೆಲ್ಲಗೆ ಹೊರಗೆ ಎಳೆದ.

ತಂತಿಯ ತುದಿಯಲ್ಲಿ ಮೆಣಸಿನಕಾಳು ಇರಲಿಲ್ಲ. ಒಂದು ಹಸಿರು ಪ್ಲಾಸ್ಟಿಕ್ ಕೊಳವೆಯ ತುಂಡು, ಅದರ ಎರಡೂ ತುದಿಗೆ ಬಿಳಿ ನೂಲಿನ ನಾಲ್ಕು ನಾಲ್ಕು ಸುತ್ತು, ಸುತ್ತಿನ ಮೇಲೆ ಒಂದೊಂದು ಹನಿ ಉಗುರುಬಣ್ಣ.

ಆ ನೂಲಿನ ಸುತ್ತು ನನಗೆ ಗೊತ್ತು. ನಮ್ಮ ಮನೆಯ ಮೇಜುದೀಪದ ವೈರಿಗೆ ಅದಿದೆ. ಇಸ್ತ್ರಿಪೆಟ್ಟಿಗೆಯ ವೈರಿಗಿದೆ. ಐದನೆಯ ತರಗತಿಯಲ್ಲಿ ಮುರಿದ ನನ್ನ ಕನ್ನಡಕದ ಕಾಲಿಗೆ ಇತ್ತು, ಅದನ್ನು ಹಾಕಿಕೊಂಡು ಹೋಗಲು ನಾಚಿಕೊಂಡು ಎರಡು ದಿನ ಶಾಲೆ ತಪ್ಪಿಸಿದ್ದೆ. ಇನ್ಸುಲೇಷನ್ ಟೇಪು ಸೋಮಾರಿಗಳಿಗೆ ಎಂದು ಅಪ್ಪ ಹೇಳುತ್ತಿದ್ದರು. ನೂಲು ನಾಲ್ಕು ಸುತ್ತು, ಮೇಲೊಂದು ಹನಿ ಬಣ್ಣ, ಅಲ್ಲಾಡೋದಿಲ್ಲ.

ಟೆಸ್ಟರ್‌ಗೂ ಗೊತ್ತು. ಅವನಿಗೆ ಕಲಿಸಿದ್ದೇ ಅದನ್ನು. ಅವನು ನನ್ನನ್ನು ನೋಡಿದ, ಅಪ್ಪನನ್ನು ನೋಡಲಿಲ್ಲ. ಕತ್ತರಿಯಿಂದ ತಂತಿಯನ್ನು ಕತ್ತರಿಸಿ ಆ ತುಂಡನ್ನು ಜೇಬಿಗೆ ಹಾಕಿಕೊಂಡ. "ಸೆನ್ಸರ್ ಹೋಗಿದೆ ಮೇಷ್ಟ್ರೇ. ಹಳೇದಾಗಿತ್ತು. ನನ್ನ ಹತ್ರ ಒಂದು ಇದೆ, ಹಾಕ್ತೀನಿ."

ನಾನು ಲೋಟ ಹಿಡಿದೇ ನಿಂತಿದ್ದೆ. ಕೈ ಮರಗಟ್ಟುತ್ತಿತ್ತು. ಬಾಯಿ ಬಿಟ್ಟರೆ ಅಪ್ಪನ ಮಾನ ಹೋಗುತ್ತದೆ, ಬಿಡದಿದ್ದರೆ ಏನೂ ಆಗುವುದಿಲ್ಲ, ಎಸಿ ಹೇಗೂ ಸರಿಹೋಗುತ್ತದೆ. ಬಿಡಲಿಲ್ಲ.

"ಜೇಬಿಂದ ತೆಗಿ ಅದನ್ನ" ಎಂದರು ಅಪ್ಪ. "ಅದು ನಂದು."

"ಹೋಗ್ಲಿ ಬಿಡಿ ಮೇಷ್ಟ್ರೇ."

"ತೆಗಿ ಅಂದೆ."

ಟೆಸ್ಟರ್ ತೆಗೆದು ಅವರ ಅಂಗೈಯಲ್ಲಿಟ್ಟ. ಅಮ್ಮ ಬಾಗಿಲಲ್ಲಿ ನಿಂತು, "ಏನ್ರೀ ಅದು?" ಎಂದಳು.

"ಹತ್ತು ಕಿಲೋದ ರೆಸಿಸ್ಟರ್. ಸೆಕೆಗೂ ಚಳಿಗೂ ಇದರ ತಡೆ ಬದಲಾಗಲ್ಲ. ಮೂರು ವರ್ಷ ಆಯ್ತು ಹಾಕಿ. ಅವಾಗ ಸೆನ್ಸರ್ ಹೋಗಿ ಎಸಿ ಮುಖದಲ್ಲಿ ಕೆಂಪು ಮಿಣಮಿಣ ಅಂತಿತ್ತು, ಹೊಸದು ಸಿಗ್ಲಿಲ್ಲ. ಇದನ್ನ ಹಾಕಿದ್ರೆ ಎಸಿಗೆ ಕೋಣೆ ಯಾವಾಗ್ಲೂ ಇಪ್ಪತ್ತೈದೇ ಅಂತ ಕಾಣುತ್ತೆ, ಮಿಣಮಿಣ ನಿಲ್ಲುತ್ತೆ. ಒಂದು ವಾರದ ಮಟ್ಟಿಗೆ ಅಂತ ಹಾಕ್ದೆ." ಅವರು ಆ ತುಂಡನ್ನು ತಿರುಗಿಸಿ ನೋಡುತ್ತಿದ್ದರು. "ಅವಾಗ ಸೆಕೆ ಆದಾಗ ಹಾಕ್ತಿದ್ವಿ, ಚಳಿ ಆದಾಗ ಆರಿಸ್ತಿದ್ವಿ. ಯಾರಿಗೂ ಗೊತ್ತಾಗ್ಲಿಲ್ಲ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಆ ಥರ ಸ್ಟೂಲು ಹಾಕ್ಕೊಂಡು ಕೂತಿದ್ದ ಮೂರು ದಿನದಿಂದ" ಎಂದಳು ಅಜ್ಜಿ. ಆದರೆ ಅವಳ ದನಿಯಲ್ಲಿ ಎಂದಿನ ಮೊನೆ ಇರಲಿಲ್ಲ.

ಹೊಸ ಸೆನ್ಸರಿನ ಪ್ಲಗ್ ಈ ಬೋರ್ಡಿಗೆ ಕೂರುತ್ತಿರಲಿಲ್ಲ. ಹಳೆಯ ಪ್ಲಗ್ಗಿಗೇ ಬೆಸೆಯಬೇಕಿತ್ತು. ಟೆಸ್ಟರ್ ಬೆಸುಗೆ ಕಡ್ಡಿಯನ್ನು ಕಾಯಿಸಿ, ತಾನು ಹಿಡಿಯದೆ ಅಪ್ಪನ ಮುಂದೆ ಚಾಚಿದ. "ನೀವೇ ಹಾಕಿ. ನನಗೆ ಕನ್ನಡಕ ಬೇಕಾಗುತ್ತೆ." ಅವನ ಕನ್ನಡಕ ಹಣೆಯ ಮೇಲೇ ಇತ್ತು.

ನಾನು ಇಕ್ಕಳದಲ್ಲಿ ತಂತಿಗಳನ್ನು ಹಿಡಿದೆ. ಅಪ್ಪ ಹಾಕಿದ ಬೆಸುಗೆಯ ಮೊದಲ ಹನಿ ಮೇಜಿನ ಮೇಲೆ ಬಿತ್ತು. ಎರಡನೆಯದು ಕೂತಿತು. ತಲೆ ತಗ್ಗಿಸಿಯೇ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು: "ಅಜ್ಜಿ ಬಿದ್ದ ಮೊದಲನೇ ವಾರಾನೇ ನನಗೆ ನೆನಪಾಯ್ತು. ಅವತ್ತೇ ಹೇಳಿದ್ರೆ ಒಂದು ಮಾತಲ್ಲಿ ಮುಗೀತಿತ್ತು. ನೀನು ಬಂದು ಕೂತೆ. ಒಂದು ವಾರ ಆಯ್ತು. ಒಂದು ತಿಂಗಳು ಆಯ್ತು. ಆಮೇಲೆ ಏನಂತ ಹೇಳಲಿ? ನನ್ನ ಕೈಕೆಲಸಕ್ಕೆ ನೀನು ಮೂರು ತಿಂಗಳು ಬಾಗಿಲು ಹಾಕ್ಕೊಂಡು ಕೂತೆ ಅಂತಾನಾ?"

ಸಿಟ್ಟು ಬಂತು. ಬಂದದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಇಕ್ಕಳದಲ್ಲಿ ನಿಂತಿತು. ತಂತಿ ಅಲ್ಲಾಡಿತು. "ಅಲ್ಲಾಡಿಸ್ಬೇಡ" ಎಂದರು. ನನ್ನ ಡೈರಿಯ ನಡುವೆ ಒಂದು ತಿಂಗಳಿಂದ ಮಲಗಿದ್ದ ಕಾಗದ ನೆನಪಾಯಿತು. ಅದನ್ನೂ ಮೊದಲ ದಿನವೇ ಹೇಳಿದ್ದರೆ ಒಂದೇ ಮಾತು.

ಬೆಸುಗೆ ಆರಿದ ಮೇಲೆ ಟೆಸ್ಟರ್ ಕಾಳನ್ನು ಐಸಿನ ಲೋಟಕ್ಕೆ ಇಳಿಬಿಟ್ಟ. ಮೀಟರಿನ ಅಂಕಿ ಹತ್ತರಿಂದ ಏರುತ್ತ ಏರುತ್ತ ಮೂವತ್ತು ದಾಟಿತು. ಒರೆಸಿ ತನ್ನ ಮುಷ್ಟಿಯಲ್ಲಿ ಹಿಡಿದ. ಸರಸರನೆ ಏಳಕ್ಕೆ ಇಳಿಯಿತು. "ಜೀವ ಇದೆ" ಎಂದ.

"ನನ್ನ ಕೈಯಲ್ಲಿ ಇಡು" ಎಂದಳು ಅಜ್ಜಿ. "ಅದಲ್ಲ. ಈ ಕಡೇದು."

ತಂತಿಯನ್ನು ಮಂಚದವರೆಗೆ ಎಳೆದು, ಅವಳ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನಡುವೆ ಕಾಳನ್ನಿಟ್ಟು ಮುಚ್ಚಿದೆ. ಎಲ್ಲರೂ ಮೀಟರ್ ನೋಡಿದೆವು. ಹತ್ತು, ಒಂಬತ್ತು, ಎಂಟು. ಏಳೂವರೆಯ ಹತ್ತಿರ ನಿಂತಿತು.

"ಏನಂತೆ?"

"ಬೆಚ್ಚಗಿದೆ ಅಜ್ಜಿ. ಎಲ್ಲರ ಕೈ ಥರಾನೇ."

"ನನಗೇ ಗೊತ್ತಿಲ್ಲ ನೋಡು" ಎಂದಳು. ಸ್ವಲ್ಪ ಹೊತ್ತು ಆ ಮುಷ್ಟಿಯನ್ನು ಬಿಡಿಸಲು ಬಿಡಲಿಲ್ಲ.

ಊಟದ ಹೊತ್ತಿಗೆ ಟೆಸ್ಟರ್ ಹೋದ. ಇಪ್ಪತ್ತಾರಕ್ಕೆ ಇಟ್ಟ ಎಸಿ ಎರಡೂಕಾಲಿಗೆ ತಾನಾಗಿ ನಿಂತಿತು. ಎರಡೂ ಮೂವತ್ತೈದಕ್ಕೆ ತಾನಾಗಿ ಶುರುವಾಯಿತು. ನಾನು ಕುರ್ಚಿಯಲ್ಲಿ ರಿಮೋಟ್ ಹಿಡಿದು ಕೂತಿದ್ದೆ. ಮಾಡಲು ಏನೂ ಇರಲಿಲ್ಲ. ಆದರೂ ಏಳಲಿಲ್ಲ. ಏಳಬಹುದು ಎಂದು ಯಾರೂ ಹೇಳಿರಲಿಲ್ಲ.

ಸಂಜೆ ಅಮ್ಮ ಚಹಾ ತಂದಾಗ ಗಂಟಲು ಸರಿಮಾಡಿಕೊಂಡು, "ಅಮ್ಮ, ಈಗ ಎಸಿ ಸರಿಹೋಯ್ತಲ್ಲ" ಎಂದೆ.

"ಹೋಯ್ತು. ಆದ್ರೂ ಹೊಸದು, ನಂಬೋಕಾಗಲ್ಲ. ಇನ್ನೊಂದು ಹದಿನೈದು ದಿನ ನೀನು ಕೂತು ನೋಡು. ಆಮೇಲೆ ಯೋಚನೆ ಮಾಡೋಣ. ಆಯ್ತಾ?"

"ಹೂಂ" ಅಂದೆ.

ಅದು ನನ್ನನ್ನು ಕೇಳಿ ಬರಲಿಲ್ಲ. ಬಾಯಿ ತೆರೆಯುವ ಮೊದಲೇ ಬಂದಿತ್ತು. ಅಮ್ಮ ಬಾಗಿಲು ದಾಟಿದ್ದಳು. ನಾಳೆ ಗುರುವಾರ. ಕುರ್ಚಿಯ ಗುಳಿ ನನ್ನನ್ನು ಒಳಕ್ಕೆ ಎಳೆದುಕೊಂಡಂತಾಯಿತು. ಕೋಣೆಯ ನಾಲ್ಕು ಗೋಡೆಯೂ ಇದ್ದಲ್ಲೇ ಇದ್ದವು, ಈ ಸಲ ಯಾರೂ ಬಾಗಿಲು ಹಾಕಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅಪ್ಪ ಒಳಗೆ ಬಂದು ನೋಟ್‌ಬುಕ್ ತೆಗೆದುಕೊಂಡರು. ಇವತ್ತು ಮಧ್ಯಾಹ್ನದ ಮೇಲಿನ ಮೂರನೆಯ ಕಾಲಂ ಮೇಲೆ ಬೆರಳಿಟ್ಟು ಓದಿದರು. "ಇಪ್ಪತ್ತಾರು. ಇಪ್ಪತ್ತೇಳು. ಇಪ್ಪತ್ತಾರು. ಇಪ್ಪತ್ತೈದು. ನೋಡಮ್ಮ, ಈಗ ಇದ್ದಿದ್ದು ಇದ್ದ ಹಾಗೆ ಹೇಳ್ತಿದೆ" ಎಂದು ಅಜ್ಜಿಗೆ ತೋರಿಸಿದರು.

ಅಜ್ಜಿ ಪುಸ್ತಕ ನೋಡಲಿಲ್ಲ. ನನ್ನನ್ನು ನೋಡುತ್ತಿದ್ದಳು. "ಗೋಡೇದು ತೆಗೆದೆ. ಇವಳ ಗಂಟಲಲ್ಲಿ ಒಂದು ಹಾಕಿದೀಯಲ್ಲ, ಅದನ್ನ ಯಾವಾಗ ತೆಗೀತೀಯ? ಚಳಿಯಾ ಅಂದ್ರೂ ಹೂಂ, ಸೆಕೆಯಾ ಅಂದ್ರೂ ಹೂಂ."

ಅಪ್ಪ ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಏನಾದ್ರೂ ಇದೆಯೇನೇ?"

"ಏನಿಲ್ಲ" ಎಂದು ಬರುತ್ತಿತ್ತು. ತುಟಿಯವರೆಗೆ ಬಂದದ್ದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಮಾತಾಡಿದರೆ ಅಳು ಬರುತ್ತದೆಂದು ಗೊತ್ತಿದ್ದರಿಂದ ಮಾತಾಡದೆ, ಡೈರಿ ತೆರೆದು, ಕಾಗದವನ್ನು ತೆಗೆದು, ಅವರ ಕೈಯಲ್ಲಿದ್ದ ನೋಟ್‌ಬುಕ್ಕಿನ ಮೇಲೆ ಇಟ್ಟೆ.

ಅವರು ಎರಡು ಸಲ ಓದಿದರು. ಅಮ್ಮನನ್ನು ಕರೆದರು. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು, ಓದಿ, "ಶುಕ್ರವಾರ ಅಂದ್ರೆ ನಾಡಿದ್ದು" ಎಂದಳು. "ಈಗ ಅಂದ್ಯಲ್ಲ ಹೂಂ ಅಂತ?"

"ಅದು ಸುಮ್ನೆ ಬಂತು ಅಮ್ಮ. ನಾನು ಹೋಗ್ತೀನಿ. ನಾಳೆ ಬೆಳಿಗ್ಗೆ ಬಸ್ಸಿಗೆ."

"ಹೋದ್ರೆ ಇಲ್ಲಿ ಯಾರು? ನನಗೂ ಎರಡೇ ಕೈ ಇರೋದು. ಇವತ್ತು ಸರಿಹೋಗಿದೆ, ನಾಳೆ ಮತ್ತೆ ನಿಂತ್ರೆ? ಅವರ ಜೀವದ ಪ್ರಶ್ನೆ ಕಣೇ."

 ಅಮ್ಮ ಹೇಳಿದ್ದು ಸುಳ್ಳಲ್ಲ. ಅವಳ ಕೈಗಳು ಸೋಪಿನಲ್ಲಿ ಬೆಳ್ಳಗೆ ಸುಕ್ಕುಗಟ್ಟಿದ್ದವು.

"ಕುರ್ಚೀಲಿ ನಾನು ಕೂರ್ತೀನಿ" ಎಂದರು ಅಪ್ಪ.

"ನೀವು ಕೂತ್ರೆ ತರಕಾರಿ ಯಾರು ತರ್ತಾರೆ?"

"ಏಳರ ಮೇಲೆ ತರ್ತೀನಿ. ಬಾಡಿದ್ದೇ ಸಿಗ್ಲಿ." ಕಾಗದವನ್ನು ಮಡಿಸಿದ್ದ ಗೆರೆಯಲ್ಲೇ ಮತ್ತೆ ಮಡಿಸಿದರು. "ಇದು ಬಂದು ಎಷ್ಟು ದಿನ ಆಯ್ತು?"

"ಒಂದು ತಿಂಗಳು."

"ಮೊದಲ ದಿನ ಹೇಳಿದ್ರೆ ಆಗಿತ್ತು, ಆಮೇಲೆ ಹೇಳೋಕಾಗ್ಲಿಲ್ಲ. ಅಷ್ಟೇ ತಾನೇ?"

"ಹೂಂ" ಅಂದೆ. ಈ ಸಲ ಅದು ನಾನೇ ಅಂದದ್ದು.

ಅಮ್ಮ ಹೊರಗೆ ಹೋದಳು. ಕ್ಷಮಿಸಿದಳೋ ಇಲ್ಲವೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಟ್ಟದ ಮೇಲಿಂದ ಸೂಟ್‌ಕೇಸ್ ಎಳೆಯುವ ಸದ್ದು ಕೇಳಿಸಿತು. ಅದರ ಹಿಡಿಕೆಗೂ ಬಿಳಿ ನೂಲಿನ ನಾಲ್ಕು ಸುತ್ತು ಇತ್ತು.

ಗುರುವಾರ ಬೆಳಿಗ್ಗೆ ಆರು ಗಂಟೆಗೆ ಬಸ್ಸು ಹೊರಟಿತು. ಹೊರಡುವ ಮುಂಚೆ ಅಜ್ಜಿಯ ಕೋಣೆಗೆ ಹೋದಾಗ ಅಪ್ಪ ಆಗಲೇ ಕುರ್ಚಿಯಲ್ಲಿದ್ದರು, ಹತ್ತು ಗಂಟೆಯವರೆಗೆ ಅಲ್ಲಿ ಕೆಲಸವಿಲ್ಲದಿದ್ದರೂ. ಗುಳಿ ಅವರಿಗೆ ಹೊಂದುತ್ತಿರಲಿಲ್ಲ, ಅತ್ತಿತ್ತ ಸರಿಯುತ್ತಿದ್ದರು. ಅಜ್ಜಿ ನಿದ್ದೆಯಲ್ಲಿದ್ದಳು, ಅಥವಾ ಹಾಗೆ ಕಾಣಿಸಿಕೊಂಡಳು. ಎಡಗೈಯನ್ನು ಮುಟ್ಟಿದೆ. ಬೆಚ್ಚಗಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಆದರೆ ಗಾಜು ಜಾರುವ ಹಿಡಿ ಮುಂದಿನ ಸೀಟಿನವರ ಕಡೆಗಿತ್ತು. ಅಲ್ಲಿ ಒಬ್ಬ ದೊಡ್ಡ ಮನುಷ್ಯ ಕಿಟಕಿ ಪೂರ್ತಿ ಮುಚ್ಚಿಕೊಂಡು ತಲೆ ಆನಿಸಿದ್ದ. ಆರು ಇಪ್ಪತ್ತಕ್ಕೆ ನನ್ನ ಕೈ ತಾನಾಗಿ ಪೆನ್ನಿಗೆ ಹೋಯಿತು. ನೋಟ್‌ಬುಕ್ ಇರಲಿಲ್ಲ. ಆರು ನಲವತ್ತಕ್ಕೆ ಮತ್ತೆ ಹೋಯಿತು. ಅಲ್ಲಿ ಅಪ್ಪ ಏನು ಮಾಡುತ್ತಿರ­ಬಹುದು, ಹತ್ತಕ್ಕೆ ಮರೆಯದೆ ಪರದೆ ಎಳೆಯುತ್ತಾರೋ ಇಲ್ಲವೋ. ಏಳಕ್ಕೆ ಬಿಸಿಲು ನೇರವಾಗಿ ನನ್ನ ಮುಖಕ್ಕೆ ಬಂತು. ಬೆನ್ನು ಬೆವರುತ್ತಿತ್ತು. ಎಷ್ಟು ಡಿಗ್ರಿ ಇರಬಹುದೆಂದು ಲೆಕ್ಕ ಹಾಕಿದೆ. ಮೂವತ್ತೊಂದು. ಹೇಳಲು ಅಲ್ಲಿ ಯಾರೂ ಕಾಯುತ್ತಿರಲಿಲ್ಲ, ಬರೆಯಲು ಕಾಲಂ ಇರಲಿಲ್ಲ.

ಏಳು ಇಪ್ಪತ್ತರವರೆಗೆ ಸುಮ್ಮನೆ ಬೆವರಿದೆ. ಆಮೇಲೆ ಮುಂದೆ ಬಾಗಿ ಆ ಸೀಟಿನ ಬೆನ್ನನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಅವನು ತಿರುಗಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ತಟ್ಟಿದೆ.

"ಸ್ವಲ್ಪ ಕಿಟಕಿ ತೆಗೀತೀರಾ?" ಎಂದೆ. "ನನಗೆ ಸೆಕೆ ಆಗ್ತಿದೆ."